ಸೋತ ಪಂದ್ಯವನ್ನು ನೋಡುವುದು

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು ಒಂದು ಗೋಲಿನಿಂದ ಸೋತಿತು. ಆಟ ಶುರುವಾಗಿ ಹತ್ತು ಹನ್ನೆರಡು ನಿಮಿಷಕ್ಕೇ ಶೇಖ್ ಮೊರ್ಸಾಲಿನ್ ಗೋಲು ಹೊಡೆದರು. ಉಳಿದ ಹೊತ್ತೆಲ್ಲ ನಮ್ಮವರು ಆ ಒಂದು ಗೋಲು ತೀರಿಸಲು ಓಡಿದರು, ತೀರಲಿಲ್ಲ. ಲಾಲಿಯನ್‌ಜುವಾಲಾ ಛಾಂಗ್ಟೆ ಒದ್ದ ಚೆಂಡು ಇನ್ನೇನು ಒಳಗೆ ಹೋಯಿತು ಅನ್ನುವಾಗ ಹಮ್ಜಾ ಚೌಧುರಿ ತಲೆಕೊಟ್ಟು ಹೊರಗೆ ಹಾಕಿದರು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ಮೇಲೆ. ಅದರ ಬೆನ್ನಿಗೇ ಬಂದ ಫಿಫಾ ಪಟ್ಟಿಯಲ್ಲಿ ಭಾರತ 142ನೇ ಸ್ಥಾನಕ್ಕೆ ಇಳಿದಿತ್ತು.

ಕಲಬುರಗಿ ಜಿಲ್ಲೆಯ ನಮ್ಮೂರು ಕೊಡ್ಲಿಯಲ್ಲಿ ಈ ಸುದ್ದಿಯ ಬಗ್ಗೆ ಯಾರೂ ಮಾತಾಡಲಿಲ್ಲ. ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಕಾಲ ಅದು. ಮಾತೆಲ್ಲ ಹೊಲದ್ದು, ಹುಳದ್ದು, ದರದ್ದು. ಆಟ ಅಂದರೆ ನಮ್ಮ ಸುತ್ತಿನಲ್ಲಿ ಕ್ರಿಕೆಟ್ ಇದೆ, ಕಬಡ್ಡಿ ಇದೆ, ವಾಲಿಬಾಲ್ ಇದೆ, ಜಾತ್ರೆಗೆ ಕುಸ್ತಿ ಇದೆ. ಫುಟ್‌ಬಾಲ್ ಅಂದರೆ ಮೊಬೈಲಿನಲ್ಲಿ ಕಾಣುವ ಮೆಸ್ಸಿ, ರೊನಾಲ್ಡೊ. ಹುಡುಗರ ಅಂಗಿಯ ಬೆನ್ನ ಮೇಲೆ ಅವರ ಹೆಸರುಗಳಿವೆ. ಛಾಂಗ್ಟೆಯ ಹೆಸರಾಗಲಿ ಸಂದೇಶ್ ಝಿಂಗನ್ ಹೆಸರಾಗಲಿ ಬರೆದ ಅಂಗಿಯನ್ನು ನಾನು ಚಿಂಚೋಳಿಯಿಂದ ವಾಡಿಯವರೆಗೆ ಎಲ್ಲೂ ಕಂಡಿಲ್ಲ.

ಆದರೂ ಈ ತಂಡದ ಫಲಿತಾಂಶಗಳನ್ನು ನಾನು ಬಿಡದೆ ನೋಡುತ್ತೇನೆ. ಅದಕ್ಕೆ ಆಟದ ಮೇಲಿನ ಪ್ರೀತಿ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ನೆಲದ್ದು. ಪಟ್ಟಿಯ ತಳದಲ್ಲಿ ಹೆಸರು ಕಾಣುವುದು ಅಂದರೆ ಏನು ಅಂತ ನಮ್ಮ ಭಾಗದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಇದ್ದವು. 2025ರ ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ಕಲಬುರಗಿ 35ನೆಯದು. ದಕ್ಷಿಣ ಕನ್ನಡದಲ್ಲಿ ಶೇ 91.12 ಮಕ್ಕಳು ಪಾಸಾದರೆ ನಮ್ಮಲ್ಲಿ ಶೇ 42.43. ಆ ದಿನ ಪತ್ರಿಕೆ ಬಿಡಿಸಿದವರೆಲ್ಲ ನಮ್ಮ ಜಿಲ್ಲೆಯ ಹೆಸರನ್ನು ಕೆಳಗಿನಿಂದ ಹುಡುಕಿದ್ದೇವೆ. ಹಿಂದಿನ ವರ್ಷ ಯಾದಗಿರಿ ಕೊನೆಯದಾಗಿತ್ತು, ನಾವು ಅದರ ಮೇಲಿನ ಸಾಲಿನಲ್ಲಿದ್ದೆವು. ಅದರಲ್ಲೂ ಒಂದಿಷ್ಟು ಸಮಾಧಾನ ಪಟ್ಟವರನ್ನು ಕಂಡಿದ್ದೇನೆ. ನೋವು ಯಾವ ಮಟ್ಟದ್ದು ಎಂದು ಅದರಿಂದಲೇ ತಿಳಿಯುತ್ತದೆ.

ತಳದಲ್ಲಿರುವವರ ಬಗ್ಗೆ ಊರು ಎರಡು ರೀತಿ ಮಾತಾಡುತ್ತದೆ. ಒಂದು, ‘ಅವರು ಇರೋದೇ ಹಂಗ.’ ಇನ್ನೊಂದು, ‘ಆ ಪಟ್ಟಿನೇ ಸುಳ್ಳು.’ ಮೊದಲನೆಯದನ್ನು ಹೊರಗಿನವರು ಹೇಳುತ್ತಾರೆ, ಎರಡನೆಯದನ್ನು ಒಳಗಿನವರು. ಮೇಲ್ನೋಟಕ್ಕೆ ಒಂದು ತಾತ್ಸಾರ, ಇನ್ನೊಂದು ಅಭಿಮಾನ. ಆದರೆ ಎರಡರ ಕೆಲಸವೂ ಒಂದೇ. ಎರಡೂ ಮಾತು ಆಡಿ ಮುಗಿದ ಮೇಲೆ ಯಾರೂ ಆ ಮಗುವಿನ ಉತ್ತರ ಪತ್ರಿಕೆಯನ್ನು ತೆಗೆದು ನೋಡುವುದಿಲ್ಲ. ಗಣಿತದಲ್ಲಿ ಎಲ್ಲಿ ತಪ್ಪಿತು, ಇಂಗ್ಲಿಷಿನಲ್ಲಿ ಎಲ್ಲಿ ನಿಂತುಹೋಯಿತು, ಆ ವರ್ಷ ಆ ಶಾಲೆಯಲ್ಲಿ ಆ ವಿಷಯಕ್ಕೆ ಮೇಷ್ಟ್ರು ಇದ್ದರೋ ಇಲ್ಲವೋ ಅನ್ನುವುದು ಹಾಗೇ ಉಳಿಯುತ್ತದೆ. ಭಾರತದ ಫುಟ್‌ಬಾಲ್ ಬಗ್ಗೆ ನಾವು ಆಡುವ ಮಾತೂ ಇವೆರಡೇ. ‘ನಮ್ಮವರಿಗೆ ಈ ಆಟ ಬರೋದಿಲ್ಲ’ ಅನ್ನುವುದು ಒಂದು. ‘ರೆಫ್ರಿ ಮೋಸ ಮಾಡಿದ’ ಅನ್ನುವುದು ಇನ್ನೊಂದು.

ರೆಫ್ರಿಯ ಮಾತು ಬಂತು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಒಮ್ಮೆ ಅದು ಖರೆ ಆಗಿತ್ತು. 2024ರ ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು ವಿಶ್ವಕಪ್ ಅರ್ಹತಾ ಪಂದ್ಯ. 37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದು ಭಾರತ ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೋಲಿನ ಪಕ್ಕದ ಗೆರೆ ದಾಟಿ ಹೊರಗೆ ಹೋಗಿದ್ದನ್ನು ಟಿವಿ ನೋಡಿದವರೆಲ್ಲ ಕಂಡರು. ಕತಾರಿನವರು ಅದನ್ನು ಒಳಗೆ ಎಳೆದು ಗೋಲು ಮಾಡಿದರು, ರೆಫ್ರಿ ಒಪ್ಪಿದರು. ಆಮೇಲೆ ಇನ್ನೊಂದು ಗೋಲು ಬಿತ್ತು. 1–2. ಮೂರನೇ ಸುತ್ತಿನ ಬಾಗಿಲು ಮುಚ್ಚಿತು. ಇದು ಅನ್ಯಾಯವೇ. ಅನ್ಯಾಯವನ್ನು ಅನ್ಯಾಯ ಅನ್ನಲೇಬೇಕು.

ಹಾಗಂತ ಲೆಕ್ಕ ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ಅದೇ ಸುತ್ತಿನಲ್ಲಿ ಮಾರ್ಚ್ 26ರಂದು ಗುವಾಹಟಿಯಲ್ಲಿ, ನಮ್ಮದೇ ಮೈದಾನದಲ್ಲಿ, ಆಫ್ಗಾನಿಸ್ತಾನಕ್ಕೆ ನಾವು 1–2ರಿಂದ ಸೋತಿದ್ದೆವು. ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಸುನಿಲ್ ಛೆಟ್ರಿ ವಿದಾಯ ಹೇಳಿದ ದಿನ, ಕುವೈತ್ ವಿರುದ್ಧ ಒಂದೂ ಗೋಲು ಬಾರದೆ ಆಟ ಸಮವಾಗಿತ್ತು. ಆ ಪಂದ್ಯ ಗೆದ್ದಿದ್ದರೆ ದೋಹಾದ ರೆಫ್ರಿಯ ಕೈಯಲ್ಲಿ ನಮ್ಮ ಹಣೆಬರಹ ಇರುತ್ತಿರಲಿಲ್ಲ. ಆಫ್ಗಾನಿಸ್ತಾನದ ಆಟಗಾರರ ಸ್ಥಿತಿ ನೆನೆಯಿರಿ. ಅವರಿಗೆ ತಮ್ಮ ದೇಶದಲ್ಲಿ ಒಂದು ಪಂದ್ಯ ಆಡುವ ಭಾಗ್ಯವಿಲ್ಲ. ಅವರ ಪಾಲಿನ ‘ತವರಿನ’ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ಅಭಾದಲ್ಲಿ. ಅಂಥವರು ನಮ್ಮ ಮನೆಗೆ ಬಂದು ಗೆದ್ದುಹೋದರು.

ನಮ್ಮ ಭಾಗದ ಹಿಂದುಳಿದಿರುವಿಕೆಗೂ ಇತಿಹಾಸದ ಅನ್ಯಾಯವಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಸುಮ್ಮನೆ ಬಂದದ್ದಲ್ಲ, ಅದರ ಹಿಂದೆ ದಶಕಗಳ ಹೋರಾಟವಿದೆ. ಆ ಅನ್ಯಾಯವನ್ನು ಹೇಳುತ್ತಲೇ ನಮ್ಮ ಮನೆಯ ಬಾಕಿಯನ್ನೂ ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸ. ದೂರುವಾಗ ದನಿ ಏರುತ್ತದೆ, ನಮ್ಮ ಬಾಕಿ ಹೇಳುವಾಗ ಇಳಿಯುತ್ತದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳುವುದನ್ನು ಕಲಿಯಬೇಕು ಅಂತ ನನಗೆ ಅನಿಸಿದ್ದು ಈ ದೋಹಾ ಪಂದ್ಯದ ನಂತರ.

1950ರ ವಿಶ್ವಕಪ್ಪಿನ ಕಥೆಯೂ ಇದೇ ಜಾತಿಯದು. ಬ್ರೆಜಿಲ್‌ಗೆ ಹೋಗುವ ಅವಕಾಶ ಭಾರತಕ್ಕೆ ಬಂದಿತ್ತು. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ, ಅದಕ್ಕೆ ಹೋಗಲಿಲ್ಲ ಅನ್ನುವ ಕಥೆಯನ್ನು ಎಷ್ಟೋ ಮಂದಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಹೋಗುವುದು ಬೇಡ ಎಂದು ತೀರ್ಮಾನಿಸಿದ್ದು ನಮ್ಮ ಫುಟ್‌ಬಾಲ್ ಒಕ್ಕೂಟವೇ. ಆ ಕಾಲಕ್ಕೆ ನಮ್ಮವರಿಗೆ ಒಲಿಂಪಿಕ್ಸ್ ದೊಡ್ಡದಾಗಿತ್ತು, ವಿಶ್ವಕಪ್ಪಿನ ಬೆಲೆ ತಿಳಿದಿರಲಿಲ್ಲ. ಇಷ್ಟು ಸರಳ ಸಂಗತಿಯನ್ನು ಒಪ್ಪುವುದಕ್ಕಿಂತ ಬರಿಗಾಲಿನ ಕಥೆ ಹೇಳುವುದು ನಮಗೆ ಹಿತವಾಗಿದೆ. 75 ವರ್ಷ ಅದೇ ಹಿತದಲ್ಲಿ ಕಳೆದಿದ್ದೇವೆ.

2025ರ ಅಕ್ಟೋಬರ್‌ನಲ್ಲಿ ಮಡಗಾಂವಿನ ಫತೋರ್ಡಾ ಮೈದಾನದಲ್ಲಿ ಸಿಂಗಾಪುರದ ಎದುರು ಸೋತ ಮರುದಿನ, ನಮ್ಮ ಓಣಿಯ ಹತ್ತನೇ ಕ್ಲಾಸಿನ ಹುಡುಗನೊಬ್ಬ ಹೋಟೆಲಿನ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಗೋಲುಗಳನ್ನು ನೋಡುತ್ತಿದ್ದ. ಛಾಂಗ್ಟೆ ದೂರದಿಂದ ಹೊಡೆದ ಮೊದಲ ಗೋಲನ್ನು ತಿರುತಿರುಗಿ ಹಾಕುತ್ತಿದ್ದ. ಸೊಂಗ್ ಉಯ್‌ಯಂಗ್ ಹೊಡೆದ ಎರಡು ಗೋಲು ಬಂದಾಗ ಬೆರಳಿನಿಂದ ಮುಂದೆ ದಾಟಿಸುತ್ತಿದ್ದ.

“ಕಾಕಾ, ಸಿಂಗಾಪುರ ಅಂದ್ರ ಒಂದು ಊರಷ್ಟೇ ಅದ ಅಲ್ಲ? ಅವರಿಗಿ ನಾವು ಹ್ಯಾಂಗ ಸೋತೀವಿ?”

“ಊರಷ್ಟೇ ಅದ, ಖರೆ. ಆದ್ರ ಮೈದಾನಕ್ಕ ಇಳಿಯೋರು ಎರಡೂ ಕಡಿ ಹನ್ನೊಂದೇ ಮಂದಿ, ತಮ್ಮಾ.”

“ಹಂಗಾದ್ರ 140 ಕೋಟಿದಾಗ ನಮಗ ಆ ಹನ್ನೊಂದು ಮಂದಿ ಯಾಕ ಸಿಗವಲ್ಲರು?”

ಈ ಪ್ರಶ್ನೆ ದೇಶದ ತುಂಬ ಕೇಳಿಬರುವಂಥದ್ದು. ಇದರೊಳಗೆ ಒಂದು ಗುಪ್ತ ಅಹಂಕಾರವಿದೆ, ಹುಡುಗನದ್ದಲ್ಲ, ನಾವು ದೊಡ್ಡವರು ಅವನ ಬಾಯಿಗೆ ಹಾಕಿದ್ದು. ಸಂಖ್ಯೆ ದೊಡ್ಡದಿದ್ದರೆ ಗೆಲುವು ತಾನಾಗಿ ಬರಬೇಕು ಅನ್ನುವುದು ಆ ಅಹಂಕಾರ. ನಾವು ಮಡಗಾಂವಿನಲ್ಲಿ ಸೋತ ಹಿಂದಿನ ದಿನವಷ್ಟೇ, ಅಕ್ಟೋಬರ್ 13ರಂದು, ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡಿ ದ್ವೀಪಗಳ ತಂಡ ಎಸ್ವಾಟಿನಿಯನ್ನು 3–0ರಿಂದ ಸೋಲಿಸಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅದರ ಜನಸಂಖ್ಯೆ ಐದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಕಲಬುರಗಿ ನಗರವೊಂದರಲ್ಲೇ ಅಷ್ಟು ಜನ ಇದ್ದರು. ನಾವು ಢಾಕಾದಲ್ಲಿ ಸೋತ ತಾರೀಖಿಗೇ ಕೆರಿಬಿಯನ್ ಸಮುದ್ರದ ಕ್ಯುರಸಾವ್ ಜಮೈಕಾಗೆ ಹೋಗಿ ಪಂದ್ಯ ಸಮ ಮಾಡಿಕೊಂಡು ವಿಶ್ವಕಪ್ಪಿನೊಳಗೆ ಕಾಲಿಟ್ಟಿತು. ಅಲ್ಲಿರುವವರು ಒಂದೂವರೆ ಲಕ್ಷ ಚಿಲ್ಲರೆ. ಅವರ ಆಟಗಾರರಲ್ಲಿ ಹೆಚ್ಚಿನವರು ನೆದರ್‌ಲ್ಯಾಂಡ್ಸಿನಲ್ಲಿ ಹುಟ್ಟಿ, ಅಲ್ಲಿಯ ಕ್ಲಬ್ಬುಗಳಲ್ಲಿ ಪಳಗಿದವರು ಅನ್ನುವುದನ್ನೂ ಹೇಳಬೇಕು. ಹಾಗಿದ್ದರೂ ಅವರನ್ನು ಹುಡುಕಿ, ಕರೆದು, ಒಂದು ತಂಡವಾಗಿ ಕಟ್ಟಿದವರು ಯಾರೋ ಇದ್ದಾರೆ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಪ್ ವರ್ಡಿ ಎಲ್ಲಿದೆ ಅಂತ ಮೊಬೈಲಿನಲ್ಲೇ ಹುಡುಕಿದ. “ಅಲ್ಲಿ ಚಲೋ ಮೈದಾನ ಅವ ಏನು?” ಅಂತ ಕೇಳಿದ. ಅವನ ಮೊದಲ ಪ್ರಶ್ನೆಗಿಂತ ಇದು ಎಷ್ಟೋ ಪಾಲು ಒಳ್ಳೆಯ ಪ್ರಶ್ನೆ.

ಆ ಪ್ರಶ್ನೆ ನೆಲದ್ದು. ನಮ್ಮ ಕಡೆ ತೊಗರಿಗೆ ನೆಟೆ ರೋಗ ಬರುತ್ತದೆ. ಹಸಿರಾಗಿ ಎದೆಮಟ್ಟ ಬೆಳೆದ ಗಿಡ, ಹೂವು ಕಾಯಿಯ ಹೊತ್ತಿಗೆ ಇದ್ದಕ್ಕಿದ್ದಂತೆ ಬಾಡಿ ನಿಲ್ಲುತ್ತದೆ. ನೋಡಿದವರಿಗೆ ನಿನ್ನೆ ಮೊನ್ನೆ ಏನೋ ಆಯಿತು ಅನಿಸುತ್ತದೆ. ಗಿಡ ಕಿತ್ತು ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳಿರುತ್ತವೆ. ಶಿಲೀಂಧ್ರ ಮಣ್ಣಿನಲ್ಲೇ, ಹಳೆಯ ಕೂಳೆಯಲ್ಲೇ ವರ್ಷಗಟ್ಟಲೆ ಕೂತಿರುತ್ತದೆ. ಬೇರಿನಿಂದ ಹತ್ತಿ ಮೇಲೆ ಬಂದು ಗಿಡದ ನೀರು ಕಟ್ಟುತ್ತದೆ. ಬಾಡಿದ ಮೇಲೆ ಔಷಧಿ ಹೊಡೆದರೆ ಏನೂ ಉಪಯೋಗವಿಲ್ಲ. ಅದೇ ಹೊಲದಲ್ಲಿ ತೊಗರಿಯ ಮೇಲೆ ತೊಗರಿ ಹಾಕದೆ ಜೋಳ ತಿರುವಿ ಬಿತ್ತಬೇಕು, ಬೀಜೋಪಚಾರ ಮಾಡಬೇಕು, ಟಿಎಸ್–3ಆರ್, ಜಿಆರ್‌ಜಿ–811ರಂಥ ರೋಗ ತಡೆಯುವ ತಳಿ ಹಿಡಿಯಬೇಕು. ಅಂದರೆ ಕೆಲಸವೆಲ್ಲ ಮುಂಗಾರಿಗೆ ಮೊದಲು.

ಢಾಕಾದ ಸೋಲೂ ಆ ರಾತ್ರಿಯದ್ದಲ್ಲ. ಅಲ್ಲಿ ಆಡಿದ ಹುಡುಗರಿಗೆ ತಿಂಗಳುಗಳಿಂದ ಲೀಗೇ ಇರಲಿಲ್ಲ. 2025ರ ಏಪ್ರಿಲ್ 12ರಂದು ಬೆಂಗಳೂರು ಎಫ್‌ಸಿಯನ್ನು ಮೋಹನ್ ಬಾಗಾನ್ 2–1ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದ ನಂತರ ಮುಂದಿನ ಲೀಗ್ ಯಾವಾಗ ಅನ್ನುವುದೇ ಗೊತ್ತಿಲ್ಲದೆ ತಿಂಗಳುಗಳು ಕಳೆದವು. ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಅದನ್ನು ಹೊಸದಾಗಿ ಮಾಡಿಕೊಳ್ಳಲಾಗದೆ ಎಲ್ಲ ನಿಂತಿತು. ಕೆಲವು ಕ್ಲಬ್ಬುಗಳು ಆಟಗಾರರ ಸಂಬಳ ತಡೆಹಿಡಿದವು. ಒಕ್ಕೂಟದ ನಿಯಮಾವಳಿಯ ವ್ಯಾಜ್ಯ ವರ್ಷಗಟ್ಟಲೆ ಸುಪ್ರೀಂ ಕೋರ್ಟಿನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಹನ್ನೊಂದು ದಿನ ಫಿಫಾ ನಮ್ಮನ್ನು ಅಮಾನತಿನಲ್ಲೂ ಇಟ್ಟಿತ್ತು. 2024ರ ಜೂನ್‌ನಲ್ಲಿ ಇಗೊರ್ ಸ್ಟಿಮಾಕ್ ಹೋದರು, ಮನೊಲೊ ಮಾರ್ಕೆಜ್ ಬಂದರು. 2025ರ ಜುಲೈನಲ್ಲಿ ಅವರೂ ಹೋದರು, ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ವರ್ಷ ತುಂಬಿ ಸ್ವಲ್ಪ ಕಾಲದಲ್ಲೇ ಮೂವರು ತರಬೇತುದಾರರು. 2024ರ ಹನ್ನೊಂದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ನಾವು ಹೊಡೆದದ್ದು ನಾಲ್ಕು ಗೋಲು, ಹೊಡೆಸಿಕೊಂಡದ್ದು ಹದಿನೈದು. ಆ ಲೆಕ್ಕ ಓದುವಾಗ ನನಗೆ ಗೋಲ್ ತಪ್ಪಿಸಿಕೊಂಡ ಆಟಗಾರನ ಮೇಲೆ ಸಿಟ್ಟು ಬರಲಿಲ್ಲ. ಮಣ್ಣಿನ ಜವಾಬ್ದಾರಿ ಹೊತ್ತವರು ಬೇರೆ ಇದ್ದಾರೆ.

ಆ ಮಣ್ಣು ಕೊಡ್ಲಿಯವರೆಗೂ ಹರಡಿದೆ. ಸೇಡಂ, ಚಿತ್ತಾಪುರ, ಕಾಳಗಿ ಸುತ್ತಿನ ಎಷ್ಟೋ ಹಳ್ಳಿಯ ಶಾಲೆಗಳಲ್ಲಿ ಫುಟ್‌ಬಾಲ್ ಆಡುವಷ್ಟು ಅಗಲದ, ಕಲ್ಲಿಲ್ಲದ ಬಯಲು ಇಲ್ಲ. ಬಯಲಿದ್ದಲ್ಲಿ ದೈಹಿಕ ಶಿಕ್ಷಕರಿಲ್ಲ. ಎರಡೂ ಇದ್ದಲ್ಲಿ ಚೆಂಡು ಕೀಲಿ ಹಾಕಿದ ಕೋಣೆಯಲ್ಲಿ ಗಾಳಿ ಕಳೆದುಕೊಂಡು ಬಿದ್ದಿರುತ್ತದೆ. ಶಹಾಬಾದಿನ ಕಲ್ಲು ದೇಶದ ಮನೆಮನೆಗೆ ನೆಲವಾಗಿ ಹಾಸಿಕೊಂಡಿದೆ, ವಾಡಿ ಸೇಡಮ್ಮಿನ ಸಿಮೆಂಟು ಎಷ್ಟೋ ಊರುಗಳ ಕಟ್ಟಡಕ್ಕೆ ಹೋಗಿದೆ. ಇಷ್ಟು ಕೊಟ್ಟ ನೆಲದ ಮಕ್ಕಳಿಗೆ ನೂರು ಗಜ ಸಮತಟ್ಟು ಬಯಲು ಕೊಡುವುದು ಅಸಾಧ್ಯವಾದ ಮಾತಲ್ಲ.

ಪಟ್ಟಿಯ ಸ್ಥಾನ ಹಣೆಯ ಮೇಲೆ ಬರೆದದ್ದೇನೂ ಅಲ್ಲ. ಫಿಫಾ 2018ರಿಂದ ಲೆಕ್ಕ ಹಾಕುವ ಕ್ರಮದಲ್ಲಿ ಪ್ರತಿ ಪಂದ್ಯಕ್ಕೂ ಒಂದು ನಿರೀಕ್ಷೆ ಇರುತ್ತದೆ: ಬಲವಾದವರ ಎದುರು ಸೋತರೆ ಹೆಚ್ಚು ಕಳೆಯುವುದಿಲ್ಲ, ಗೆದ್ದರೆ ಬಹಳ ಸಿಗುತ್ತದೆ, ನಮಗಿಂತ ಕೆಳಗಿನವರ ಎದುರು ಸೋತರೆ ಭಾರೀ ದಂಡ. ಸ್ನೇಹಪರ ಪಂದ್ಯಕ್ಕೆ ತೂಕ ಕಡಿಮೆ, ದೊಡ್ಡ ಟೂರ್ನಿಗೆ ಹೆಚ್ಚು. ಅಷ್ಟೇ ಅದು. 1996ರ ಫೆಬ್ರುವರಿಯಲ್ಲಿ ಭಾರತ 94ನೇ ಸ್ಥಾನದಲ್ಲಿತ್ತು. 2015ರ ಮಾರ್ಚ್‌ನಲ್ಲಿ 173. ಅಲ್ಲಿಂದ ಎರಡು ವರ್ಷ ಚಿಲ್ಲರೆಯಲ್ಲಿ, 2017ರಲ್ಲಿ, 96. 2023ರ ಜುಲೈನಲ್ಲಿ 99. ಎರಡೂವರೆ ವರ್ಷದೊಳಗೆ 142. ಏರಿದ್ದೂ ನಮ್ಮವರೇ, ಇಳಿದದ್ದೂ ನಮ್ಮವರೇ. ‘ನಮಗೆ ಈ ಆಟ ಬರೋದಿಲ್ಲ’ ಅನ್ನುವ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

2023 ನೆನಪಿನಲ್ಲಿಟ್ಟುಕೊಳ್ಳಬೇಕಾದ ವರ್ಷ. ಮಾರ್ಚ್‌ನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ಎದುರು ಸ್ಯಾಫ್ ಕಪ್ಪಿನ ಫೈನಲ್ ಪೆನಾಲ್ಟಿಗೆ ಹೋಗಿ, ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತ ತಡೆದು, ಭಾರತ ಒಂಬತ್ತನೇ ಬಾರಿಗೆ ಕಪ್ ಎತ್ತಿತು. ಆ ರಾತ್ರಿ ಕಂಠೀರವ ತುಂಬಿತ್ತು. ಮುಂದಿನ ಜನವರಿಯಲ್ಲಿ ಏಷ್ಯನ್ ಕಪ್ಪಿನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂವರ ಎದುರೂ ಸೋತು, ಒಂದೂ ಗೋಲು ಹೊಡೆಯದೆ ಅದೇ ತಂಡ ಮರಳಿತು. ಕಪ್ ಎತ್ತಿದ ಕೈಗಳೇ ಅವು.

ನಮಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಸೇಡಮ್ಮಿನಿಂದ ರೈಲು ಹತ್ತಿದರೆ ತಾಂಡೂರು, ವಿಕಾರಾಬಾದು ದಾಟಿ ಊಟದ ಹೊತ್ತಿಗೆ ಅಲ್ಲಿ. ವಾಡಿ–ಸಿಕಂದರಾಬಾದು ದಾರಿ ನಿಜಾಮರ ಕಾಲದ್ದು; ನಾವೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದವರೇ. ಭಾರತದ ಫುಟ್‌ಬಾಲಿನ ಒಳ್ಳೆಯ ಕಾಲವನ್ನು ಕಟ್ಟಿದವರು ಅದೇ ನಗರದ ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಮಾಸ್ತರು. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ. ನಡುವೆ ಮೆಲ್ಬರ್ನ್: ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿ ಭಾರತ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿತು. ನೆವಿಲ್ ಡಿಸೋಜಾ ಮೂರು ಗೋಲು. ಆ ತಂಡದಲ್ಲಿ ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಇದ್ದರು, ಬೆಂಗಳೂರಿನ ಕೆಂಪಯ್ಯ ಇದ್ದರು.

ಈ ಹಳೆಯ ಚಿನ್ನವನ್ನು ನೆನೆಯುವಾಗ ರಹೀಂ ಸಾಹೇಬರ ಇನ್ನೊಂದು ಪಂದ್ಯವನ್ನೂ ನೆನೆಯಬೇಕು ಅಂತ ನನ್ನ ಹಟ. 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರ ತಂಡ ಯುಗೊಸ್ಲಾವಿಯಾಕ್ಕೆ 10–1ರಿಂದ ಸೋತಿತು. ಹತ್ತು ಗೋಲು. ನಮ್ಮ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದ್ದು. ಆ ಚಳಿಯ ನೆಲದಲ್ಲಿ ನಮ್ಮ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಅದಾದ ಮೇಲೆ ಬೂಟು ಹಾಕಿ ಆಡುವುದು ಕಡ್ಡಾಯವಾಯಿತು. ರಹೀಂ ಹುಡುಗರಿಗೆ ಚೆಂಡಿನ ಮೇಲಿನ ಹಿಡಿತ, ಬೇಗ ಬೇಗ ಪಾಸ್ ಕೊಡುವುದು, ಎರಡೂ ಕಾಲಲ್ಲಿ ಹೊಡೆಯುವುದು ಕಲಿಸುತ್ತ ಹೋದರು. ನಾಲ್ಕೇ ವರ್ಷಕ್ಕೆ ಮೆಲ್ಬರ್ನ್. ಹತ್ತು ಗೋಲು ಹೊಡೆಸಿಕೊಂಡ ಆ ಆಟವನ್ನು ಮಾಸ್ತರು ಕಣ್ಣುಬಿಟ್ಟು ನೋಡಿದ್ದರು ಅಂತ ನಾನು ನಂಬುತ್ತೇನೆ. ನೋಡದಿದ್ದರೆ ಏನು ತಿದ್ದಬೇಕು ಅಂತ ತಿಳಿಯುತ್ತಿರಲಿಲ್ಲ.

ಹಾಗೆ ನೋಡುವವರು ಮೈದಾನದ ಹೊರಗೂ ಬೇಕು. 2018ರ ಜೂನ್ 1ರಂದು ಮುಂಬೈಯಲ್ಲಿ ಚೀನೀ ತೈಪೆ ಎದುರು ಭಾರತ 5–0ರಿಂದ ಗೆದ್ದಿತ್ತು, ಛೆಟ್ರಿ ಮೂರು ಗೋಲು ಹೊಡೆದಿದ್ದರು. ಅಂದು ಕ್ರೀಡಾಂಗಣದಲ್ಲಿದ್ದವರು 2,569 ಮಂದಿ. ಮರುದಿನ ಛೆಟ್ರಿ ಒಂದು ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಬನ್ನಿ, ಬೈಯುವುದಿದ್ದರೂ ಎದುರಿಗೇ ಬಂದು ಬೈಯಿರಿ, ಆದರೆ ಬನ್ನಿ. ಜೂನ್ 4ರಂದು ಕೆನ್ಯಾ ಎದುರು, ಅವರ ನೂರನೇ ಪಂದ್ಯಕ್ಕೆ, ಟಿಕೆಟ್ ಉಳಿಯಲಿಲ್ಲ. ಸಿಕಂದರಾಬಾದಿನಲ್ಲಿ ಹುಟ್ಟಿ, 2013ರಿಂದ ಬೆಂಗಳೂರಿನವರಾಗಿ, ದೇಶಕ್ಕೆ 95 ಗೋಲು ಹೊಡೆದ ಆಟಗಾರ ಅಂದು ಹೊಗಳಿಕೆ ಕೇಳಲಿಲ್ಲ. ಕಣ್ಣು ಕೇಳಿದರು. ನನ್ನನ್ನು ಅಲುಗಿಸಿದ್ದು ಅದು. ನಮ್ಮ ಹತ್ತನೇ ಕ್ಲಾಸಿನ ಮಕ್ಕಳೂ ಕೇಳುತ್ತಿರುವುದು ಅದನ್ನೇ: ಫಲಿತಾಂಶದ ದಿನ ಪತ್ರಿಕೆಯಲ್ಲಿ ಜಿಲ್ಲೆಯ ಹೆಸರು ಹುಡುಕುವ ಕಣ್ಣು ಜೂನ್ ಜುಲೈನಲ್ಲೂ ಶಾಲೆಯ ಕಡೆ ತಿರುಗಲಿ.

2024ರ ನವೆಂಬರ್ 18ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಮಲೇಷ್ಯಾ ಎದುರು ಪಂದ್ಯವಿತ್ತು. ನಮ್ಮ ಸುತ್ತಿನ ತಾಂಡಾಗಳಿಂದ, ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆ ಹೋದವರು ಆ ಕಡೆಯೇ ಗಗನಚುಂಬಿಗಳನ್ನು ಕಟ್ಟುತ್ತಿದ್ದಾರೆ. ಗುರ್‌ಪ್ರೀತ್ ಮುಂದೆ ಬಂದು ತಪ್ಪಿದ್ದಕ್ಕೆ 19ನೇ ನಿಮಿಷದಲ್ಲಿ ಗೋಲು ಬಿತ್ತು. 39ನೇ ನಿಮಿಷದಲ್ಲಿ ಬೆಂಗಳೂರು ಎಫ್‌ಸಿಯ ರಾಹುಲ್ ಭೆಕೆ ತಲೆಯಿಂದ ಹೊಡೆದು ಸಮ ಮಾಡಿದರು. 1–1. ಸ್ಯಾಫ್ ಫೈನಲ್ ಉಳಿಸಿದ ಗುರ್‌ಪ್ರೀತ್ ಇವರೇ. ಒಬ್ಬನೇ ಮನುಷ್ಯನಲ್ಲಿ ಎರಡೂ ಸಂಜೆ ಇರುತ್ತವೆ. ಯಾವುದಾದರೂ ಒಂದು ಸಂಜೆ ಮಾತ್ರ ನೋಡಿದವರಿಗೆ ಅವರು ಪೂರ್ತಿ ತಿಳಿಯುವುದಿಲ್ಲ.

ಸೋಲುಗಳ ಗದ್ದಲದಲ್ಲಿ ಮುಚ್ಚಿಹೋದ ಒಂದು ಒಳ್ಳೆಯ ಫಲಿತಾಂಶವೂ ಇದೆ. 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ತಜಿಕಿಸ್ತಾನದ ಹಿಸೋರ್‌ನಲ್ಲಿ, ಜಮೀಲ್ ಬಂದ ಹೊಸತರಲ್ಲಿ, ಒಂದು ಟೂರ್ನಿಯಲ್ಲಿ ಭಾರತ ಆತಿಥೇಯರನ್ನು 2–1ರಿಂದ ಸೋಲಿಸಿತು. ಇರಾನ್ ಎದುರು 0–3ರಿಂದ ಸೋತರೂ ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಹಿಂದೆ ಹಾಕಿತು. ಒಂದೇ ತಿಂಗಳಿಗೆ ಸಿಂಗಾಪುರ, ಮತ್ತೊಂದು ತಿಂಗಳಿಗೆ ಢಾಕಾ. ಹಿಸೋರ್ ಮರೆತುಹೋಯಿತು.

ಇನ್ನು ನಾವು ‘ಭಾರತ ತಂಡ’ ಅಂದಾಗ ಲೆಕ್ಕಕ್ಕೇ ಹಿಡಿಯದ ಹೆಣ್ಣುಮಕ್ಕಳ ಮಾತು. 2025ರ ಜೂನ್–ಜುಲೈನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಅವರು ಮಂಗೋಲಿಯಾವನ್ನು 13–0, ತಿಮೋರ್ ಲೆಸ್ತೆಯನ್ನು 4–0, ಇರಾಕನ್ನು 5–0ರಿಂದ ಸೋಲಿಸಿದರು. ಜುಲೈ 5ರಂದು ತಮಗಿಂತ ಮೇಲಿನ ಸ್ಥಾನದ ಥಾಯ್ಲೆಂಡನ್ನು ಅವರ ಮನೆಯಲ್ಲೇ 2–1ರಿಂದ. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ ಗೆದ್ದು ಭಾರತದ ಮಹಿಳೆಯರು ಏಷ್ಯನ್ ಕಪ್ಪಿಗೆ ಹೋದದ್ದು ಅದೇ ಮೊದಲು. ಅದರ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಒಂದು ಸಣ್ಣ ಚೌಕದಲ್ಲಿ ಮುಗಿದಿತ್ತು. ಢಾಕಾದ ಸೋಲಿಗೆ ಸಿಕ್ಕ ಜಾಗದಲ್ಲಿ ಕಾಲುಭಾಗವೂ ಚಿಯಾಂಗ್ ಮಾಯಿಗೆ ಸಿಗಲಿಲ್ಲ. ನಾವು ಸೋಲನ್ನಷ್ಟೇ ಅರ್ಧ ನೋಡುವವರಲ್ಲ, ಗೆಲುವನ್ನೂ ಅರ್ಧವೇ ನೋಡುವವರು.

2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಅವರ ಆಟವಿತ್ತು. ಗುಂಪಿನಲ್ಲಿ ವಿಯೆಟ್ನಾಂ, ಚೀನೀ ತೈಪೆ, ಮತ್ತು 2011ರಲ್ಲಿ ವಿಶ್ವಕಪ್ಪನ್ನೇ ಗೆದ್ದ ಜಪಾನ್. ಜಪಾನಿನ ಎದುರು ಎಷ್ಟು ಗೋಲು ಬೀಳುತ್ತವೋ ಹೇಳಲಾಗದು, ಬಹಳವೇ ಬೀಳಬಹುದು ಅಂತ ಮೊದಲೇ ಅನಿಸಿತ್ತು. ಆ ಪಂದ್ಯವನ್ನು ಓಣಿಯ ಹುಡುಗ ಹುಡುಗಿಯರೊಂದಿಗೆ ಕೂತು ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ನೋಡಬೇಕು ಅಂತ ಮಾತಾಗಿತ್ತು. ಯಾವ ಗೋಲನ್ನೂ ಬೆರಳಿನಿಂದ ದಾಟಿಸುವಂತಿರಲಿಲ್ಲ. ಅದಾದ ಕೆಲವೇ ದಿನಕ್ಕೆ ಆ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಅಂದಿನ ಪಾಠ ಓದಿ ಮುಗಿಸಿ ಬರಬೇಕು ಅಂದಿದ್ದೆ, ಒಪ್ಪಿದ್ದರು.